ಮೂರನೇ ಕೂಗು

ಇದು ೧೯೯೪ರಲ್ಲಿ ನಡೆದದ್ದು. ನಾವಾಗ ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲಿ ಇದ್ದೆವು. ನಮ್ಮವರಿಗೆ ಗುಂಡ್ಲುಪೇಟೆಯ ಒಂದು ಮಿಲ್ಲಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಮನೆಯಲ್ಲಿ ನಾನು, ನಮ್ಮತ್ತೆ, ಐದು ವರ್ಷದ ಮಗಳು ಸವಿತಾ ಮತ್ತು ಎರಡು ತುಂಬಿದ ಮಗ ಮಂಜ. ಮಂಜನಿಗೆ ಇನ್ನೂ ಮಾತು ಬಂದಿರಲಿಲ್ಲ. ಏನು ಬೇಕಾದರೂ ಕೈಸನ್ನೆ. ಅದರ ಅರ್ಥ ನಮಗೆ ಹೇಳುವ ಅಧಿಕಾರ ಅವನ ಅಕ್ಕನದು. ಅವನು ಬೆಲ್ಲದ ಡಬ್ಬಿ ಕಡೆ ಕೈ ತೋರಿಸಿದರೆ ಅವಳು, "ನಂಗೂ ಕೊಡ್ಬೇಕಂತೆ ಕಣವ್ವ, ದೊಡ್ಡ ತುಂಡು ನಂಗಂತೆ" ಅನ್ನುತ್ತಿದ್ದಳು.

ನಮ್ಮದು ಊರಿನ ಕೊನೆಯ ಮನೆ. ಹಿತ್ತಿಲಿನ ತುದಿಗೆ ಲಂಟಾನದ ಬೇಲಿ, ಅದರಾಚೆ ರಾಗಿ ಹೊಲ, ಹೊಲ ಮುಗಿದರೆ ಕಾಡು. ಮಕ್ಕಳು ಕತ್ತಲಲ್ಲಿ ಆ ಕಡೆ ಹೋಗದಿರಲಿ ಎಂದು ಅತ್ತೆ ಮೊಮ್ಮಗಳಿಗೆ ಒಂದು ಪಾಠ ಹೇಳಿಕೊಟ್ಟಿದ್ದರು. "ಮುಚ್ಚಂಜೆ ಒತ್ನಲ್ಲಿ ಯಾರು ಕೂಗುದ್ರೂ ತಟ್ಟಂತ ಓ ಅನ್ಬೇಡ ಕಣಮ್ಮಿ. ಗಾಳಿ ನಿಮ್ಮವ್ವನ ದನಿಲೇ ಕೂಗ್ತದೆ. ಆದ್ರೆ ಅದು ಮೂರ್ನೇ ಸಲ ಕೂಗಕಿಲ್ಲ. ನಿಂತ ಜಾಗದಲ್ಲೇ ಮೂರ್ಸಲ ಕೂಗುದ್ರೆ ಮಾತ್ರ ಓಗೊಡು." ಗಾಳಿ ಅಂದರೆ ನಮ್ಮ ಕಡೆ ದೆವ್ವ. ನಾನೂ ಸುಮ್ಮನಿದ್ದೆ. ಹೆದರಿಕೆಯಿಂದಲಾದರೂ ಬೇಲಿ ಕಡೆ ಹೋಗದಿದ್ದರೆ ಸಾಕಾಗಿತ್ತು.

ಸವಿತಾ ಅದನ್ನು ಮುಚ್ಚಂಜೆಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ಊಟಕ್ಕೆ ಕರೆದರೂ ಮೂರು ಸಲ, ಸ್ನಾನಕ್ಕೆ ಕರೆದರೂ ಮೂರು ಸಲ. ಒಂದು ದಿನ ಅಂಗನವಾಡಿ ಟೀಚರ್ ಮನೆಗೇ ಬಂದರು. "ಹಾಜರಿ ಕೂಗುದ್ರೆ ನಿಮ್ ಮಗಳು ಎದುರ್ಗೇ ಕೂತ್ಕಂಡು ಪಿಳಿಪಿಳಿ ಅಂತ ನನ್ ಮುಖ ನೋಡ್ತಾಳೆ ಕಣಮ್ಮ" ಎಂದರು. ಅವರು ಹೋದ ಮೇಲೆ ಕೇಳಿದ್ದಕ್ಕೆ ಇವಳು, "ಒಂದೇ ಸಲ ಕೂಗ್ತಾರೆ. ನಿಜವಾದ ಟೀಚರೋ ಅಲ್ವೋ ನಂಗೆಂಗೆ ಗೊತ್ತಾಗ್ಬೇಕು?" ಅಂದಳು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು. ತಮ್ಮನಿಗೂ ಅವಳದೇ ತರಬೇತಿ. ಒಂದು ಸಲ ಕೂಗಿದರೆ ಅವನು ಒಂದು ಬೆರಳು ಎತ್ತುವನು, ಇನ್ನೊಂದು ಸಲ ಕೂಗಿದರೆ ಇನ್ನೊಂದು. ಮೂರನೇ ಬೆರಳು ಮಾತ್ರ ತಾನಾಗಿ ನಿಲ್ಲುತ್ತಿರಲಿಲ್ಲ. ಅದನ್ನು ಮತ್ತೊಂದು ಕೈಯಲ್ಲಿ ಹಿಡಿದು ನಿಲ್ಲಿಸಿ ಆಮೇಲೆ ಓಡಿ ಬರುತ್ತಿದ್ದ.

ರಾಗಿ ತೆನೆ ಬಲಿತಿದ್ದ ಸಮಯ. ಅತ್ತೆ ನನ್ನ ನಾದಿನಿಯನ್ನು ನೋಡಿಕೊಂಡು ಬರಲು ಹರದನಹಳ್ಳಿಗೆ ಹೋಗಿದ್ದರು. ಅವತ್ತು ಸಂಜೆ ಕರೆಂಟು ಹೋಗಿತ್ತು. ಮಕ್ಕಳು ಹಿತ್ತಿಲಲ್ಲಿ ಆಡುತ್ತಿದ್ದರು, ನಾನು ಒಲೆ ಮುಂದೆ ಮುದ್ದೆಗೆ ಹಿಟ್ಟು ತೊಳಸುತ್ತಿದ್ದೆ. ಅಷ್ಟರಲ್ಲಿ ಹೊಲದ ಕಡೆಯಿಂದ ತಮಟೆ ಸದ್ದು ಕೇಳಿತು. ಅದರ ಹಿಂದೆಯೇ ಯಾರೋ, "ಒಂಟಿ ಆನೆ ಇಳ್ದದೆ, ಮಕ್ಳ ಒಳಕ್ಕೆ ಕರ್ಕಳ್ರೋ" ಎಂದು ಕೂಗಿದರು.

ಹಿಟ್ಟಿನ ಕೋಲು ಕೈಯಲ್ಲೇ ಇತ್ತು. ಹಾಗೇ ಓಡಿದೆ. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಮಂಜನ ಒಂದು ಚಪ್ಪಲಿ ಬಿದ್ದಿತ್ತು. ತಮಟೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ದಿನಾ ಕಿವಿಗೆ ಬೀಳುವ ಹುಳಗಳ ಸದ್ದೂ ಇರಲಿಲ್ಲ, ನಾಯಿಯೂ ಬೊಗಳಲಿಲ್ಲ. ಅಂಥ ಮೌನ ಆ ಊರಲ್ಲಿ ನಾನು ಕೇಳಿರಲೇ ಇಲ್ಲ.

"ಸವೀ" ಎಂದು ಕೂಗಿದೆ. ಉತ್ತರವಿಲ್ಲ. ಬಾವಿಯ ಹತ್ತಿರ ಓಡಿ ಕೂಗಿದೆ. ನನ್ನ ದನಿಯೇ ಕೆಳಗಿನಿಂದ ಬೇರೆ ಯಾರದೋ ದನಿಯಾಗಿ ವಾಪಸ್ಸು ಬಂತು. ಬಗ್ಗಿ ನೋಡುವ ಧೈರ್ಯವಾಗಲಿಲ್ಲ, ಆದರೂ ನೋಡಿದೆ. ಕೊಟ್ಟಿಗೆಯಲ್ಲಿ ಕೂಗಿದೆ, ಬೀದಿಗೆ ಓಡಿ ಕೂಗಿದೆ. ಪಕ್ಕದ ಮನೆಯ ಸಿದ್ದಮ್ಮಜ್ಜಿ ಲಾಟೀನು ಹಿಡಿದು ಬಂದರು. ಅವರಿಗೂ ಮಕ್ಕಳು ಕಂಡಿರಲಿಲ್ಲ. ಇನ್ನು ಉಳಿದದ್ದು ಬೇಲಿಯ ಆಚೆ ಮಾತ್ರ. ಆ ಕಡೆ ಲಂಟಾನದ ಕಡ್ಡಿ ಮುರಿಯುವ ಸದ್ದು ಕೇಳಿತು. ನನ್ನ ಮಕ್ಕಳು ಹೋದರು ಅಂತಲೇ ಅಂದುಕೊಂಡೆ.

ಸಿದ್ದಮ್ಮಜ್ಜಿ ನನ್ನ ರಟ್ಟೆ ಹಿಡಿದರು. "ಅಲ್ಲಿಗೊಂದ್ಸಲ ಇಲ್ಲಿಗೊಂದ್ಸಲ ಓಡಾಡ್ಬೇಡ ಮಗ. ಒಂದ್ಕಡೆ ನಿಂತ್ಕಂಡು ಕೂಗು" ಎಂದರು.

ಆಗ ನನಗೆ ಹೊಳೆಯಿತು. ಎಲ್ಲಾ ಕಡೆಯೂ ನಾನು ಒಂದೊಂದೇ ಸಲ ಕೂಗಿದ್ದೆ. ಹಿತ್ತಿಲಿನ ನಡುವೆ ನಿಂತೆ. "ಸವೀ." ಉಸಿರು ಬಿಗಿಹಿಡಿದು ಮತ್ತೆ, "ಸವೀ." ಮೂರನೇ ಸಲ ದನಿಯೇ ಹೊರಡಲಿಲ್ಲ. ಸಿದ್ದಮ್ಮಜ್ಜಿ ಬೆನ್ನು ತಟ್ಟಿದರು. ಹೇಗೋ ಕೂಗಿದೆ.

"ಓ..." ಅಂತ ಒಂದು ಸಣ್ಣ ದನಿ ನನ್ನ ಮೊಣಕಾಲಿನ ಹತ್ತಿರವೇ ಕೇಳಿತು. ಪಕ್ಕದಲ್ಲೇ ಹಿಂದಿನ ವರ್ಷದ ಹುಲ್ಲಿನ ಮೆದೆ ಇತ್ತು. ದನಕ್ಕೆ ಹುಲ್ಲು ಹಿರಿದು ಹಿರಿದು ಬುಡದಲ್ಲಿ ಗವಿಯ ಹಾಗೆ ಆಗಿತ್ತು. ಲಾಟೀನು ಹಿಡಿದರೆ ಒಳಗೆ ಸವಿತಾ ತಮ್ಮನನ್ನು ಅವುಚಿಕೊಂಡು, ಅವನ ಬಾಯಿಗೆ ಕೈ ಒತ್ತಿಕೊಂಡು ಕೂತಿದ್ದಳು. ಮಂಜನ ಎರಡು ಬೆರಳು ನೆಟ್ಟಗೆ ನಿಂತಿದ್ದವು. ಇನ್ನೊಂದು ಕೈ ಅಕ್ಕನ ಹಿಡಿತದಲ್ಲಿ ಸಿಕ್ಕಿಕೊಂಡಿತ್ತು, ಮೂರನೇ ಬೆರಳು ಎತ್ತಲಾಗದೆ ಪಾಪ ಒದ್ದಾಡುತ್ತಿದ್ದ. ಇಬ್ಬರನ್ನೂ ಕಂಕುಳಿಗೆ ಹಾಕಿಕೊಂಡು ಒಳಗೆ ಓಡಿದೆ. ಹಿಂದೆಯೇ ಸಿದ್ದಮ್ಮಜ್ಜಿ ಬಂದು ಬಾಗಿಲು ಹಾಕಿದರು.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. "ಯಾಕ್ರೇ ಅಲ್ಲಿ ಓಗಿ ಕೂತಿದ್ರಿ?" ಎಂದು ಗದರಿಸಿದೆ.

"ಬೇಲಿ ಆಚೆಯಿಂದ ನೀನು ಕೂಗ್ದಲ್ಲವ್ವ" ಎಂದಳು ಸವಿತಾ. "'ಸವೀ, ತಮ್ಮನ್ನ ಕರ್ಕಂಡು ಬಾ' ಅಂದೆ. ಮಂಜ ಎದ್ದು ಒಂಟ. ಒಂದೇ ಸಲ ಕೂಗಿದ್ದೀಯ ಅಂತ ನಾನೇ ಹಿಡ್ಕಂಡು ಮೆದೆಯೊಳಕ್ಕೆ ಎಳ್ಕಂಡೆ."

"ತಮಟೆ ಬಡುದ್ಮೇಲಾ?"

"ಇಲ್ಲ ಕಣವ್ವ, ಅದ್ಕೂ ಮುಂಚೆ."

ತಮಟೆಗೆ ಮುಂಚೆ ನಾನು ಒಲೆಯ ಮುಂದಿದ್ದೆ. ಬಾಯಿ ತೆರೆದಿರಲಿಲ್ಲ. ಮಾತು ಬಾರದ ಮಂಜನ ಕಡೆ ನೋಡಿದೆ. ಅವನು ಹಿತ್ತಿಲಿನ ಕಡೆ ಕೈ ತೋರಿಸಿ, ಆಮೇಲೆ ಒಂದು ಬೆರಳು ಎತ್ತಿದ. ಒಂದೇ ಒಂದು. ಸಿದ್ದಮ್ಮಜ್ಜಿ ಲಾಟೀನು ಕೆಳಗಿಟ್ಟು, ಇಬ್ಬರಿಗೂ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು.

ಬೆಳಿಗ್ಗೆ ನೋಡಿದರೆ ಬೇಲಿ ಒಂದು ಕಡೆ ಪೂರ್ತಿ ನೆಲಸಮವಾಗಿತ್ತು. ಆಚೆ ಮೊರದಗಲದ ಹೆಜ್ಜೆಗಳು. ಆನೆ ಅಲ್ಲಿ ಬಹಳ ಹೊತ್ತು ನಿಂತಿದ್ದ ಹಾಗೆ ಮಣ್ಣು ಕಲಸಿಹೋಗಿತ್ತು. "ಮಗಾ ಏನೋ ಕಲ್ಪಿಸ್ಕಂಡದೆ ಬುಡು" ಎಂದರು ನಮ್ಮವರು. ಆದರೆ ಆ ತಿಂಗಳೇ ಊರೊಳಗೆ ಬೇರೆ ಮನೆ ಹುಡುಕಿದವರೂ ಅವರೇ.

ಈಗ ಸವಿತಾಗೇ ಮಗಳಿದ್ದಾಳೆ. ಮಂಜ ಚಾಮರಾಜನಗರದಲ್ಲಿ ಕೆಲಸದಲ್ಲಿದ್ದಾನೆ, ಅವನಿಗೆ ಅದೊಂದೂ ನೆನಪಿಲ್ಲ. ಊಟಕ್ಕೆ ಕರೆದರೆ ಇವತ್ತಿಗೂ ಎರಡು ಸಲಕ್ಕೆ ಬರುವ ಆಸಾಮಿ ಅಲ್ಲ. ಅವನ ಹೆಂಡತಿ ಸೋಮಾರಿತನ ಅಂತ ಬಯ್ಯುತ್ತಾಳೆ. ನಾನು ಬಯ್ಯುವುದಿಲ್ಲ, ಮೂರನೇ ಸಲ ಕೂಗುತ್ತೇನೆ.

ನನಗೆ ದೆವ್ವದಲ್ಲಿ ನಂಬಿಕೆ ಇದೆಯಾ ಅಂತ ಕೇಳಿದರೆ ಹಗಲಲ್ಲಿ ಇಲ್ಲ ಅನ್ನುತ್ತೇನೆ. ಮುಚ್ಚಂಜೆಯಲ್ಲಿ ಕೇಳಬೇಡಿ. ನನ್ನ ಮಕ್ಕಳನ್ನು ನನ್ನ ದನಿಯಲ್ಲೇ ಕರೆದದ್ದು ಯಾರೋ, ಯಾಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ದೀಪ ಹಚ್ಚುವಾಗ ಹಿತ್ತಿಲಿನ ಕಡೆ ತಿರುಗಿ ಒಂದು ಸಲ ಕೈ ಮುಗಿಯುತ್ತೇನೆ. ಅದು ಯಾರೇ ಆಗಿರಲಿ, ಮೂರು ಸಲ ಕೂಗಲಿಲ್ಲವಲ್ಲ.