ಹತ್ತು ಸೀರಿಗೆ ಹತ್ತು ಬ್ಯೂಟಿಫುಲ್

ರಬಕವಿ ನೇಕಾರರ ಸೀರಿ ಫೋಟೋ ತಗದು, ಕೆಳಗ ಇಂಗ್ಲಿಷಿನ್ಯಾಗ ಎರಡು ಸಾಲು ಹೊಗಳಿ, ಆನ್‌ಲೈನ್ ಅಂಗಡಿಗೆ ಏರಿಸೋದು ನನ್ನ ಕೆಲಸ. ಆ ಅಂಗಡಿಯವರದು ಒಂದು ಕಾನೂನು: ಒಂದು ಸೀರಿಗೆ ಬರೆದ ಹೊಗಳಿಕಿ ಮಾತು ಇನ್ನೊಂದಕ್ಕ ಬರೀಬಾರದು. ಅವತ್ತ ನೇಕಾರ್ತಿ ಶಾಂತವ್ವನ ಮನ್ಯಾಗ ಹತ್ತು ಸೀರಿ ಇದ್ದವು.

ಫೋಟೋ ತಗಿಯೂಕಿಂತ ಮೊದಲ ಮಾತು ಬರೆದಿಟ್ಟಕೊಳ್ಳೂಣಂತ, ಮೊದಲನೇದಕ್ಕ ಬ್ಯೂಟಿಫುಲ್ ಅಂತ ಬರೆದೆ. ಆಮ್ಯಾಲೆ ಮೊಬೈಲಿನ್ಯಾಗ ಹುಡುಕಿ ಲವ್ಲಿ, ಎಲೆಗಂಟ್, ಗಾರ್ಜಿಯಸ್, ಸ್ಟನ್ನಿಂಗ್ ಅಂತ ಜೋರಾಗಿ ಓದಕೋತ ಬರಿಯಾಕತ್ತೆ.

ಶಾಂತವ್ವ ಮಗ್ಗ ನಿಲ್ಲಿಸಿದಳು. "ತಮ್ಮಾ, ಅವೆಲ್ಲಾ ಹಂಗಂದ್ರ ಏನು?"

"ಎಲ್ಲಾ ಒಂದ ರೀ ಯವ್ವಾ. ಛಂದ ಐತಿ ಅಂತ."

"ಅಯ್ಯ ಶಿವನ! ಒಂದ ಮನಿ ಸೀರಿಗೆ ಇಷ್ಟು ಸಲ ಛಂದ ಅಂದ್ರ ದೃಷ್ಟಿ ಆಗೂದಿಲ್ಲೇನು? ನೇದವರು ನಾವು, ನಮ್ಮ ಬಾಯಿಲೆ 'ನಡೀತೈತಿ' ಅಂತೀವಿ, ಅಷ್ಟ."

ಎದ್ದು ಕಾಡಿಗಿ ಡಬ್ಬಿ ತಂದಳು. ಸೀರಿಗೆ ಹಚ್ಚಿದ್ರ ಮಾಲು ಕೆಡತೈತಿ ಅಂತ ನನ್ನ ಮೊಬೈಲ್ ಕಸಗೊಂಡು, ಕ್ಯಾಮೆರಾದ ಗಾಜಿಗೇ ದೃಷ್ಟಿಬೊಟ್ಟು ಇಟ್ಟಳು. "ಈಗ ಎಷ್ಟು ಬೇಕಾದ್ರೂ ಹೊಗಳು. ಒರಸಿದಿ ಅಂದ್ರ ಸೀರಿ ಕೊಡೂದಿಲ್ಲ."

ಹತ್ತೂ ಫೋಟೋದಾಗ ಸೆರಗಿನ ಮ್ಯಾಲೆ ಒಂದು ಕರಿ ಚುಕ್ಕಿ ಬಿತ್ತು. ಹಂಗ ಏರಿಸಿದೆ. ಹತ್ತೂ ಮಾರಿ ಹೋದವು.

ವಾರ ಬಿಟ್ಟು ಮೈಸೂರಿನ ಗಿರಾಕಿಯೊಬ್ಬರು ಫೋನ್ ಮಾಡಿದರು. "ಸೀರೆ ಚೆನ್ನಾಗಿದೆ. ಆದ್ರೆ ಸೆರಗಿನ ಮೇಲಿದ್ದ ಆ ಕಪ್ಪು ಚುಕ್ಕಿ ಎಲ್ಲಿ? ನಾನು ತಗೊಂಡಿದ್ದೇ ಅದನ್ನ ನೋಡಿ!"

ಛಂದ ಅನ್ನಾಕ ಹತ್ತು ಇಂಗ್ಲಿಷ್ ಮಾತು ಹುಡುಕಿದಾಂವ ನಾನು. ಇದನ್ನ ತಿಳಿಸಿ ಹೇಳಾಕ ಒಂದು ಕನ್ನಡ ಮಾತೂ ಸಿಗಲಿಲ್ಲ.