ಬೈಯುವ ಸಿಸ್ಟರ್

ಕಂಪ್ಲಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಮೊನ್ನೆ ಮಾತಾಡಿಸಲು ಹೋದಾಗ ಸೊಸೆ ಅವರ ಬೆನ್ನಿಗೆ ಸ್ಪಿರಿಟ್ ಉಜ್ಜಿ ಪೌಡರ್ ಹಾಕುತ್ತಿದ್ದಳು. ಎರಡೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲೇ ಕಣ್ಣು ತುಂಬಿ ಬಂತು. ಹೊಸಪೇಟೆಯ ಆಸ್ಪತ್ರೆ, ನನ್ನ ಅವ್ವ, ಆ ಸಿಸ್ಟರ್...

ಗಾದಿಗನೂರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗಲೇ ಅವ್ವನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಹೊಟ್ಟೆಗೆ ಹೋದರೆ ಉಳಿಯುತ್ತಾಳೆ ಎಂದಿದ್ದರು ಡಾಕ್ಟರು. ಮೂಗಿಗೆ ಹಾಕಿದ ನಳಿಗೆಯನ್ನು ಅವಳು ಕಿತ್ತೆಸೆದಳು. ನಾನು ಉಣಿಸಿದರೆ ಬಾಯಿ ಬಿಗಿಹಿಡಿಯುತ್ತಿದ್ದಳು. ಆ ಬಾಯಿ ತೆರೆಸಿದವಳು ಸಿಸ್ಟರ್ ಒಬ್ಬಳೇ. ವಡ್ಡು ಎಂಬ ಊರಿನ ಕಡೆಯವಳು. ದಿನಾ ಅವ್ವನ ಬೆನ್ನಿಗೆ ಸ್ಪಿರಿಟ್ ಉಜ್ಜಿ ಪೌಡರ್ ಹಾಕುತ್ತಿದ್ದವಳೂ ಅವಳೇ. ಎರಡು ವಾರ್ಡಿಗೆ ಒಬ್ಬಳೇ ಓಡಾಡಿ ಕಾಲು ಊದಿರುತ್ತಿದ್ದವು, ದನಿ ಮಾತ್ರ ಇಳಿಯುತ್ತಿರಲಿಲ್ಲ.

"ಯವ್ವಾ, ನಖರಾ ಬ್ಯಾಡ, ಬಾಯಿ ತೆಗಿ! ಮಗಳು ಉಪಾಸ ಕುಂತಾಳ, ಕಣ್ಣಿಗೆ ಕಾಣವಲ್ದೇನು?"

ಅವ್ವ ಸೊಟ್ಟ ಬಾಯಲ್ಲೇ ನಕ್ಕು ಗಂಜಿ ಕುಡಿಯುತ್ತಿದ್ದಳು.

ಪಕ್ಕದ ಮಂಚದ ರೈಸ್‌ಮಿಲ್ ಸಾಹುಕಾರರ ಮನೆಯವರಿಗೆ ಈ ಬೈಗುಳ ಹಿಡಿಸಲಿಲ್ಲ. ದೂರು ಕೊಟ್ಟರು. ಪೇಷಂಟ್‌ಗಳು ಖುಷಿಯಾಗಿರಬೇಕು, ನಗುನಗುತ್ತಾ ಮರ್ಯಾದೆ ಕೊಟ್ಟು ಮಾತಾಡಬೇಕು, ಇನ್ನೊಂದು ದೂರು ಬಂದರೆ ಕೆಲಸವಿಲ್ಲ ಎಂದು ಮ್ಯಾನೇಜರ್ ಅವಳನ್ನು ಎಲ್ಲರೆದುರೇ ಎಚ್ಚರಿಸಿದ. ದಿನವಿಡೀ ನಿಂತವಳು ನಗಬೇಕಂತೆ! ಅವಳ ಖುಷಿ ಕೇಳಿದವರು ಯಾರು?

ಮರುದಿನ ಸಿಸ್ಟರ್ ಬಟ್ಟಲು ಹಿಡಿದು ಮೆಲ್ಲಗೆ ಕೇಳಿದಳು. "ಸ್ವಲ್ಪ ಗಂಜಿ ತಗೋತೀರೇನ್ರಿ ಅಮ್ಮಾ? ಬ್ಯಾಡಂದ್ರ ಬಿಡ್ರಿ."

ಅವ್ವನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಬೇಕೇನು, ಬೇಡವೇನು ಎಂದು ಅಷ್ಟು ಮೆತ್ತಗೆ ಕೇಳುವುದು ಹೋಗುವ ಜೀವವನ್ನು ಮಾತ್ರ. ಸಿಸ್ಟರ್ ಆಚೆ ಹೋದ ಮೇಲೆ ಅವ್ವ ತೊದಲುತ್ತಾ, "ನಾ ಉಳಿಯಂಗಿಲ್ಲೇನು?" ಎಂದು ನನ್ನನ್ನು ಕೇಳಿ ಗೋಡೆಗೆ ಮುಖ ತಿರುಗಿಸಿದಳು. ಆಮೇಲೆ ನೀರೂ ಇಳಿಯಲಿಲ್ಲ.

ಯಾಕೆ ಉಣ್ಣುತ್ತಿಲ್ಲ ಎಂದು ಸಿಸ್ಟರ್ ವಿಚಾರಿಸಿದಾಗ ಇದ್ದದ್ದು ಹೇಳಿದೆ. ಅವಳು ಮ್ಯಾನೇಜರ್ ಕೋಣೆಯ ಬಾಗಿಲ ಕಡೆ ನೋಡಿದಳು. "ನನಗೂ ಮಕ್ಕಳದಾವಕ್ಕ..." ಎಂದಳು. ಆಮೇಲೆ ಸೀದಾ ಒಳಗೆ ಹೋಗಿ ಇಡೀ ವಾರ್ಡಿಗೆ ಕೇಳುವಂತೆ ಗದರಿದಳು. "ಸಾಯೋರ ಬೆನ್ನು ದಿನಾ ತಿಕ್ಕಾಕ ನನಗೇನು ಹುಚ್ಚು ಹಿಡದೈತೇನಬೇ? ಬಾಯಿ ತೆಗಿ!"

ಅವ್ವ ಬಾಯಿ ತೆರೆದಳು. ಬಟ್ಟಲು ಖಾಲಿಯಾಯಿತು.

ಸಾಹುಕಾರರ ಮನೆಯವರು ಸುಮ್ಮನಿರಲಿಲ್ಲ. ಮರುದಿನದಿಂದ ಸಿಸ್ಟರ್ ಬರಲಿಲ್ಲ. ನಾನು ಹೋಗಿ ಜಗಳ ತೆಗೆದೆ. "ಪೇಷಂಟ್ ಸಲುವಾಗೇ ಮಾಡೀವ್ರಿ ಮೇಡಂ," ಎಂದ ಮ್ಯಾನೇಜರ್. ಮೈ ಉರಿದುಹೋಯಿತು. ಹೊಸ ಸಿಸ್ಟರ್ ಸಕ್ಕರೆಯಂಥ ಮಾತಿನವಳು. ಪಾಪ, ಅವಳದೇನು ತಪ್ಪು. ಅವ್ವ ಮತ್ತೆ ಗೋಡೆ ಕಡೆ ತಿರುಗಿದಳು. ನಾನೂ ಗದರಿ ನೋಡಿದೆ, ಆದರೆ ಅರ್ಧಕ್ಕೇ ಅಳು ಬಂದುಬಿಡುತ್ತಿತ್ತು. ಅದೇ ವಾರ ಅವ್ವ ಹೋಗಿಬಿಟ್ಟಳು...

ಎಷ್ಟೋ ದಿನಗಳ ಮೇಲೆ ಹೊಸಪೇಟೆಯ ಸೀರೆ ಅಂಗಡಿಯೊಂದರಲ್ಲಿ ಸಿಸ್ಟರ್ ಸಿಕ್ಕಳು. ಗಿರಾಕಿಗಳು ಬಿಚ್ಚಿ ಹಾಕಿದ ಸೀರೆ ಮಡಚುತ್ತಿದ್ದವಳು ಎದ್ದು ಬಂದು ನನ್ನ ಕೈ ಹಿಡಿದಳು.

"ಯವ್ವ ಹೆಂಗದಾಳಕ್ಕ? ಉಣ್ತಾಳಿಲ್ಲೋ?"

ಆ ಮುಖದಲ್ಲಿದ್ದ ಆಸೆ ನೋಡಿ ನಿಜ ಹೇಳಲು ಮನಸ್ಸು ಬರಲಿಲ್ಲ. "ಉಣ್ತಾಳವ್ವ. ಭಾಳ ಚಲೋ ಅದಾಳ."

"ಬೈಯ್ಯಾಕ ಯಾರದಾರ ಮತ್ತ?" ಎಂದು ನಕ್ಕಳು.

ಪಕ್ಕದ ಮನೆಯಿಂದ ಬಂದಾಗಿನಿಂದ ಇದೇ ಗುಂಗು. ಅವ್ವ ಇಲ್ಲ, ಆ ಸೀರೆ ಅಂಗಡಿಯಲ್ಲಿ ಕೇಳಿದರೆ ಸಿಸ್ಟರೂ ಈಗ ಅಲ್ಲಿಲ್ಲ ಅನ್ನುತ್ತಾರೆ. ಎಲ್ಲಿದ್ದಾಳೋ... ಎಲ್ಲಿದ್ದರೂ ಅವಳೊಬ್ಬಳ ಪಾಲಿಗೆ ನನ್ನ ಅವ್ವ ಇನ್ನೂ ಉಣ್ಣುತ್ತಿದ್ದಾಳೆ.