ಫೋನ್ ಎತ್ತೋರು ಯಾರು?

ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಕಾಲೇಜಿನ ಕಾಂಪೌಂಡಿನ ಮೇಲೆ ವಿದ್ಯಾರ್ಥಿ ಸಂಘದ ಘೋಷಣೆ ಬರೆದೂ ಬರೆದೂ ಗೋಡೆಯಕ್ಕ ಆದವಳು. ಈಗ ಐವತ್ತರ ಹತ್ತಿರ. ಉಗುರಿನ ಸಂದಿಯ ಕೆಂಪು ಬಣ್ಣ ಹೋಗಿ ಎಷ್ಟೋ ಕಾಲವಾಯಿತು, ಕುತ್ತಿಗೆ ನೋವು ಉಳಿದಿದೆ. ಹಗಲೆಲ್ಲ ಪ್ರಿಂಟಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೋರ್ಡು, ಬಿಲ್ ಪುಸ್ತಕ, ಕಾರ್ಡು ಮಾಡುತ್ತಾಳೆ. ಗಿರಾಕಿಗಳು ಕೇಳತೊಡಗಿದ ಮೇಲೆ ವೆಬ್‌ಸೈಟ್ ಮಾಡುವುದನ್ನೂ ಕಲಿತಳು. ಆ ಬೀದಿಯ ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲಿನವನು, ಹಳೇ ಮೇಜು ಕುರ್ಚಿ ಮಾರುವವನು, ಎಲ್ಲರೂ ಅವಳ ಕೈ ಹಿಡಿದೇ ಇಂಟರ್ನೆಟ್ಟಿನ ಮೆಟ್ಟಿಲು ಹತ್ತಿದವರು.

ಮನೆಯಲ್ಲಿ ಇರುವುದು ಅವಳು ಮತ್ತು ಅವಳ ಅಕ್ಕ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿದು ಬರುವ ಆ ಅಕ್ಕನ ನಾಲಗೆಗೆ ಸೂಜಿಗಿಂತ ಮೊನೆ ಹೆಚ್ಚು. ಸಂಘದವರು ವೆಬ್‌ಸೈಟ್ ಮಾಡಿಕೊಡು ಅಂದಿದ್ದಾರೆ ಎಂದು ತಂಗಿ ಹೇಳಿದಾಗ ಆಕೆ ತಲೆ ಎತ್ತದೆ ಹೇಳಿದಳಂತೆ: "ಮನೆ ಗೋಡೆಗೆ ಸುಣ್ಣ ಇಲ್ಲ, ಊರ ಗೋಡೆಗೆ ಬಣ್ಣ. ಮಾಡು, ಮಾಡು. ಅವರೇನು ನಿನ್ನ ಕುತ್ತಿಗೆಗೆ ಎಣ್ಣೆ ತಿಕ್ತಾರಾ?"

ವೆಬ್‌ಸೈಟಿನ ಬಗ್ಗೆ ಸಂಘದ ಕೋಣೆಯಲ್ಲಿ ನಡೆದ ಮೊದಲ ಸಭೆಗೆ ನನ್ನನ್ನೂ ಕರೆದಿದ್ದರು, ಹಳೇ ಅಧ್ಯಕ್ಷ, ಹಿರಿಯರು ಅನ್ನುವ ಲೆಕ್ಕದಲ್ಲಿ. ಹಿರಿಯರಿಗೆ ಸಿಗುವುದು ಕಾಲು ಅಲ್ಲಾಡುವ ಕುರ್ಚಿ. ಕಿಟಕಿಗೆ ಗಾಜಿಲ್ಲ, ಹಳೇ ಬ್ಯಾನರ್ ಕಟ್ಟಿದ್ದಾರೆ. ಅಧ್ಯಕ್ಷ ಕಾನೂನು ಓದುವ ಹುಡುಗ, ಮೈಕ್ ಇಲ್ಲದಿದ್ದರೂ ಮೈಕ್ ಇದ್ದಂತೆಯೇ ಮಾತಾಡುತ್ತಾನೆ. ವೆಬ್‌ಸೈಟ್ ತೆರೆದ ಕೂಡಲೇ ಬಾವುಟ ಪಟಪಟ ಹಾರಬೇಕು, ಹೋರಾಟದ ಹಾಡು ಕೇಳಬೇಕು, ಸಂಘದ ಇತಿಹಾಸ ಬರಬೇಕು, ಈವರೆಗಿನ ಅಧ್ಯಕ್ಷರೆಲ್ಲರ ಫೋಟೋ ಬರಬೇಕು, ಕೆಳಗೆ ಘೋಷಣೆಗಳು ಓಡುತ್ತಿರಬೇಕು ಎಂದ.

"ಓಡೋ ಗೋಡೇನ ಓದೋದು ಹೆಂಗಪ್ಪಾ?" ಅಂದಳು ಗೋಡೆಯಕ್ಕ.

ಯಾರೋ ನಕ್ಕರು. ಅವಳು ನಗಲಿಲ್ಲ. ಈ ಪುಟಕ್ಕೆ ಬರುವವರು ಯಾರು, ಯಾತಕ್ಕೆ ಬರುತ್ತಾರೆ, ಅದನ್ನು ಮೊದಲು ಹೇಳಿ ಎಂದಳು. ಜನ ಬರುತ್ತಾರೆ ಅಂದರು. ಯಾವ ಜನ? ವಿದ್ಯಾರ್ಥಿ ಸಮುದಾಯ ಅಂದರು. ಅವಳು ಉಸಿರು ಬಿಟ್ಟು, ಹಳೇ ಪೋಸ್ಟರಿನ ಬೆನ್ನ ಮೇಲೆ ಅಂಗೈಯಷ್ಟಗಲದ ಚೌಕ ಬರೆದಳು. ಹುಡುಗರ ಕೈಯಲ್ಲಿರುವುದು ಇಷ್ಟೇ ದೊಡ್ಡ ಗೋಡೆ, ಅದೂ ಗಾಜು ಬಿರುಕು ಬಿಟ್ಟಿರುತ್ತದೆ; ಫೋಟೋ ತುಂಬಿದರೆ ಪುಟ ತೆರೆಯುವ ಹೊತ್ತಿಗೆ ಬಸ್ ಬಂದಿರುತ್ತದೆ ಎಂದು ತಿಳಿಸಿದಳು. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಇರಲಿ: ಏನಾಯ್ತು ಹೇಳಿ. ಅದರ ಕೆಳಗೆ ಒಂದು ಫೋನ್ ನಂಬರು. ಮಿಕ್ಕಿದ್ದೆಲ್ಲ ಒಳಗೆ.

ಈ ಹಟ ಎಲ್ಲಿಂದ ಬಂತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವಳು ಎರಡನೇ ವರ್ಷದಲ್ಲಿದ್ದಾಗ ತಾಯಿಗೆ ಕಾಯಿಲೆಯಾಗಿ ಹಾಜರಿ ಕಡಿಮೆಯಾಯಿತು, ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು. ಹಾಜರಿ ವಿನಾಯಿತಿಯ ಅರ್ಜಿಗೆ ಕೊನೆಯ ದಿನ ಸಂಘದ ಬಾಗಿಲಿಗೆ ಬಂದಳು. ಬೀಗ. ನಾವೆಲ್ಲ ಪಕ್ಕದ ಊರಿನ ಸಮ್ಮೇಳನಕ್ಕೆ ಹೋಗಿದ್ದೆವು. ವಿಷಯ: ವಿದ್ಯಾರ್ಥಿಗಳ ಸಮಸ್ಯೆಗಳು. ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತು ಎದ್ದು ಹೋದಳು. ವರ್ಷ ಹೋಯಿತು, ಆಮೇಲೆ ಡಿಗ್ರಿಯೂ ಹೋಯಿತು. ಅವಳು ಮಾತ್ರ ಸಂಘ ಬಿಟ್ಟು ಹೋಗಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, ಬೀಗದ ಕೈ ಯಾರ ಹತ್ರ ಇರುತ್ತೆ ಅಂತ ತಿಳ್ಕೊಳ್ಳೋಕೆ ಅಂದಿದ್ದಳು.

ಫೋನ್ ನಂಬರು ಎಲ್ಲರಿಗೂ ಒಪ್ಪಿಗೆಯಾಯಿತು. ಯಾರ ನಂಬರು ಅನ್ನುವಲ್ಲಿಗೆ ಬಂದಾಗ ಕೋಣೆಯಲ್ಲಿ ಎಲ್ಲರಿಗೂ ಸೂರು ಚಂದ ಕಾಣಿಸಿತು. ಅಧ್ಯಕ್ಷನಿಗೆ ಪ್ರವಾಸ. ಕಾರ್ಯದರ್ಶಿಗೆ ಪರೀಕ್ಷೆ. ಖಜಾಂಚಿಯ ಮನೆಯಲ್ಲಿ ಅಪ್ಪ ಫೋನ್ ಕಿತ್ತುಕೊಳ್ಳುತ್ತಾರಂತೆ.

"ಸರಿ, ನಂದೇ ಹಾಕ್ತೀನಿ," ಅಂದಳು. "ಹೊಸಬರು ಸಿಗೋವರೆಗೂ."

ಹೊಸಬರು ಸಿಗೋವರೆಗೂ ಅನ್ನುವ ಮಾತಿನಲ್ಲಿ ಎಷ್ಟು ಜನರ ಆಯಸ್ಸು ಸವೆದಿದೆಯೋ, ನನಗೆ ಗೊತ್ತು.

ಅಂಗಡಿ ಕೆಲಸ ಮುಗಿಸಿ, ಊಟಕ್ಕೆ ಬಿಟ್ಟ ಹೊತ್ತನ್ನೂ ಇದಕ್ಕೇ ಹಾಕಿ, ಪುಟಗಳನ್ನು ಕಟ್ಟಿದಳು. ಮೊದಲು ಕಾಗದದ ಮೇಲೆ ಬರೆದು ಹಾಸ್ಟೆಲ್ ಹುಡುಗಿಯರ ಕೈಗೆ ಕೊಟ್ಟು, ಸ್ಕಾಲರ್‌ಶಿಪ್ ವಿಚಾರ ಎಲ್ಲಿದೆ ಹುಡುಕಿ ತೋರಿಸಿ ಅಂದಳು. ಅವರು 'ಶೈಕ್ಷಣಿಕ ಸೌಲಭ್ಯಗಳು' ಅನ್ನುವುದನ್ನು ದಾಟಿ ಹೋದರು. ಅದನ್ನು ಹೊಡೆದು 'ಸ್ಕಾಲರ್‌ಶಿಪ್ ಬಂದಿಲ್ವಾ?' ಎಂದು ಬರೆದಳು. ಬೆರಳು ನೇರ ಅಲ್ಲಿಗೇ ಹೋಯಿತು. ಹೀಗೆ ಒಂದೊಂದೇ ಮಾತು ಉಜ್ಜಿ ಉಜ್ಜಿ ಸರಿಮಾಡಿದವಳು, ಒಂದೇ ಒಂದು ಮಾತಿನಲ್ಲಿ ಎಡವಿದಳು.

ಪುಟ ತೆರೆದಾಗ ಒಂದು ಸೂಚನೆ ಎದ್ದು ಬರುವಂತೆ ಮಾಡಿದ್ದಳು: 'ಹಾಸ್ಟೆಲ್ ಶುಲ್ಕ ಏರಿಕೆ ವಿರೋಧಿಸಿ ಸೋಮವಾರ ಸಭೆ.' ಓದಿದ ಮೇಲೆ ಅದನ್ನು ಮುಚ್ಚಲು ಕೆಳಗೆ ಒಂದು ಗುಂಡಿ. ಹೆಬ್ಬೆರಳಿಗೆ ಸಿಗಲಿ ಎಂದು ದಪ್ಪಗೆ, ಕೆಂಪಗೆ. ಅದರ ಮೇಲೆ, ಮನೆಯಲ್ಲಿ ನಲ್ಲಿಗೂ ಬಾಗಿಲಿಗೂ ಹೇಳುವ ಹಾಗೆ, ಬರೆದಳು: 'ಬಂದ್ ಮಾಡಿ.'

ಅರ್ಧ ಆಯಸ್ಸು ಬಂದ್ ಮಾಡಿಸುವುದರಲ್ಲೇ ಕಳೆದ ನಮ್ಮಂಥವರ ಕಣ್ಣಿಗೇ ಅದು ಬೀಳಲಿಲ್ಲ. ನಾನೂ ನೋಡಿದ್ದೆ, ಚೆನ್ನಾಗಿದೆ ಅಂದಿದ್ದೆ.

ಸೋಮವಾರ ಬೆಳಿಗ್ಗೆ ಅವಳ ಫೋನು ಬಡಿದುಕೊಳ್ಳತೊಡಗಿತು. ಬಂದ್ ಇಡೀ ದಿನವಾ, ಲ್ಯಾಬಿಗೂ ಬಂದಾ, ಕ್ಯಾಂಟೀನ್ ತೆಗೆದಿರುತ್ತಾ. ಇಲ್ಲಪ್ಪಾ, ಬಂದ್ ಅಲ್ಲ, ಆ ಡಬ್ಬೀನ ಬಂದ್ ಮಾಡಿ ಅಂತ, ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಯಾರೂ ನಂಬಲಿಲ್ಲ. ರಜೆ ಸಿಕ್ಕವನಿಗೆ ವ್ಯಾಕರಣ ಯಾಕೆ? ಅಂಗಡಿಯ ಮಾಲೀಕರು ಕೆಲಸ ನೋಡಮ್ಮ ಎಂದು ಗದರಿದರು. ಫೋನ್ ಮಗುಚಿ ಹಾಕಬೇಕು ಅನ್ನುವಷ್ಟರಲ್ಲಿ ಮತ್ತೊಂದು ಕರೆ. ಹುಡುಗಿಯ ದನಿ, ಮೆತ್ತಗೆ.

"ಅಕ್ಕಾ, ಬಂದ್ ಅಂದ್ರೆ ಆಫೀಸೂ ಮುಚ್ಚಿರುತ್ತಾ? ನಂದು ಹಾಜರಿ ಅರ್ಜಿ ಇತ್ತು. ಇವತ್ತೇ ಕೊನೆ."

ಗೋಡೆಯಕ್ಕ ಅರ್ಧ ಮಾಡಿದ ಬೋರ್ಡನ್ನು ಹಾಗೇ ಬಿಟ್ಟು ಎದ್ದಳು. ಎಲ್ಲಿಗೆ ಎಂದು ಮಾಲೀಕರು ಕೇಳಿದ್ದಕ್ಕೆ, ನಾನು ಮಾಡಿದ ಬಂದ್ ತೆಗಿಯೋಕೆ ಅಂದಳಂತೆ.

ಕಾಲೇಜಿನ ಗೇಟು ಹಾಕಿತ್ತು. ವಾಚ್‌ಮನ್ ಅವಳ ಬರಹವನ್ನು ಎಷ್ಟೋ ಸಲ ಸುಣ್ಣ ಬಳಿದು ಅಳಿಸಿದವನು, ಹಳೇ ದುಶ್ಮನ್. "ನೀವೇ ಬಂದ್ ಮಾಡಿ ಅಂತೀರಿ, ನೀವೇ ತೆಗಿ ಅಂತೀರಿ. ನಾನೇನು ಬಾಗಿಲೋ, ಮನುಷ್ಯನೋ?" ಎಂದು ಗೊಣಗುತ್ತಲೇ ಚಿಲಕ ಸರಿಸಿದ. ಒಳಗೆ ಗುಮಾಸ್ತರು ಕಪಾಟು ಮುಚ್ಚಿ, ಊಟದ ಡಬ್ಬಿ ಹಿಡಿದು ಹೊರಟಿದ್ದರು. ಇವಳು ಬಾಗಿಲಿಗೆ ಅಡ್ಡ ನಿಂತಳು. ಬಂದ್ ದಿನ ಕೆಲಸ ಇಲ್ಲ ಅಂದರು ಅವರು. ಬಂದ್ ಕೊಟ್ಟವಳೇ ನಾನು, ಹಿಂದಕ್ಕೆ ತಗೊಂಡಿದೀನಿ, ಮುದ್ರೆ ಹಾಕಿ ಅಂದಳು. ಹುಡುಗಿ ಅರ್ಜಿ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದಳು. ಗುಮಾಸ್ತರು ಡಬ್ಬಿ ಕೆಳಗಿಟ್ಟು ಮುದ್ರೆ ಹುಡುಕಿದರು.

ಸಂಜೆ ಸಂಘದ ಕೋಣೆಯಲ್ಲಿ ಹಬ್ಬದ ಗಲಾಟೆ. ಕರೆಯೇ ಕೊಡದ ಬಂದ್ ಸಂಪೂರ್ಣ ಯಶಸ್ವಿಯಾಗಿತ್ತಲ್ಲ! ಅಧ್ಯಕ್ಷ ಆಗಲೇ ಪತ್ರಿಕೆಯವರಿಗೆ ಹೇಳಿಕೆ ಕೊಟ್ಟು ಬಂದಿದ್ದ. ಮುಚ್ಚಿದ ಗೇಟಿನ ಮುಂದೆ ಮುಷ್ಟಿ ಎತ್ತಿ ನಿಂತ ಅವನ ಫೋಟೋ ಮೊದಲ ಪುಟಕ್ಕೆ ಬರಬೇಕೆಂದು ತೀರ್ಮಾನವಾಯಿತು. ಜಾಗ ಬೇಕಲ್ಲ, ಆ ಪ್ರಶ್ನೆ, ಆ ನಂಬರು ತೆಗೆದುಬಿಡಿ ಅಂದರು. ಹೇಗೂ ಬರೀ ಪೋಲಿ ಕರೆಗಳು, ನಿಮಗೂ ತೊಂದರೆ ಅಂದರು.

ಗೋಡೆಯಕ್ಕ ಕುತ್ತಿಗೆ ಒತ್ತಿಕೊಳ್ಳುತ್ತ ಕೂತಿದ್ದಳು. ಅರ್ಜಿಯ ಹುಡುಗಿಯ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ಅದನ್ನೂ ಹೇಳಿಕೆಯಲ್ಲಿ ಸೇರಿಸುತ್ತಿದ್ದರು. ಸುಸ್ತಾದ ದನಿಯಲ್ಲಿ ಮಾತಾಡಿದಳು.

"ಫೋಟೋ ಹಾಕ್ತೀನಪ್ಪಾ. ಚೆನ್ನಾಗೇ ಹಾಕ್ತೀನಿ. ಆದ್ರೆ ನಂಬರು ಇರುತ್ತೆ. ಫೋಟೋ ಯಾರದೋ, ಕೆಳಗಿನ ನಂಬರೂ ಅವರದೇ."

ಅಧ್ಯಕ್ಷ ಪ್ರವಾಸದ ಮಾತು ತೆಗೆದ. ಪ್ರವಾಸದಲ್ಲೂ ಫೋನ್ ಬಡ್ಕೊಳ್ಳುತ್ತೆ ಅಂದಳು. ಅವನು ಕಾರ್ಯದರ್ಶಿಯ ಮುಖ ನೋಡಿದ. ಕಾರ್ಯದರ್ಶಿ ಹಿಂದಿನ ಅಧ್ಯಕ್ಷರ ಫೋಟೋ ಹಾಕೋಣವೇ ಎಂದು ಕೇಳಿ ನನ್ನತ್ತ ತಿರುಗಿದ. ನಾನೂ ಸೂರು ನೋಡಿದೆ. ಕಡೆಗೆ ಅಧ್ಯಕ್ಷನೇ ಗಂಟಲು ಸರಿಮಾಡಿಕೊಂಡು, ವ್ಯಕ್ತಿಪೂಜೆ ನಮ್ಮ ಸಂಘದ ಸಂಪ್ರದಾಯ ಅಲ್ಲ, ಫೋಟೋ ಬೇಡ ಎಂದು ಘೋಷಿಸಿದ. ಚಪ್ಪಾಳೆ ಬಿತ್ತು.

ಅವಳು ಅಲ್ಲೇ ಕೂತು ಒಂದೇ ತಿದ್ದುಪಡಿ ಮಾಡಿದಳು. 'ಬಂದ್ ಮಾಡಿ' ಹೋಗಿ 'ಓದಿದೆ' ಬಂತು. ಪ್ರಶ್ನೆಯೂ ಅವಳ ನಂಬರೂ ಇದ್ದಲ್ಲೇ ಇದ್ದವು. ಗೆದ್ದಳು ಅನ್ನಬೇಕು. ನಮ್ಮ ಕಡೆ ಗೆಲುವು ಅಂದರೆ ಇಷ್ಟೇ, ಹೊರೆ ಬೇರೆಯವರ ತಲೆಗೆ ಹೋಗದೆ ನಮ್ಮ ತಲೆಯ ಮೇಲೇ ಉಳಿಯುವುದು.

ಬಸ್ ಸ್ಟಾಪಿನವರೆಗೂ ಜೊತೆಯಲ್ಲಿ ನಡೆದೆವು. ಹೊಸಬರು ಸಿಗೋವರೆಗೂ ಎಂದು ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳ ಕೈಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು, ಬಸ್ ತಿರುವಿನಲ್ಲಿ ಕಾಣಿಸುತ್ತಿತ್ತು. ಅವಳು ಬಸ್ಸನ್ನು ನೋಡಿದಳು, ಫೋನನ್ನು ನೋಡಿದಳು, ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಹ್ಞಾಂ," ಅಂದಳು. "ಏನಾಯ್ತು ಹೇಳು."